ಕ್ರೈಸ್ತ ದೇವಶಾಸ್ತ್ರದಲ್ಲಿ ಸ್ನಾತಕೋತ್ತರ ಓದು: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನನಗೆ 27 ವರ್ಷ. ಓದಿದ್ದು ಕಂಪ್ಯೂಟರ್ ಸೈನ್ಸ್, ಕೆಲಸವೂ ಅದರಲ್ಲೇ. ಸಭೆಯಲ್ಲಿ (ಚರ್ಚಿನಲ್ಲಿ) ಸಂಡೇ ಸ್ಕೂಲ್ ಪಾಠ ಮಾಡುತ್ತೇನೆ, ಯುವಕರ ಬೈಬಲ್ ಅಧ್ಯಯನ ನಡೆಸುತ್ತೇನೆ. ಕ್ರೈಸ್ತ ದೇವಶಾಸ್ತ್ರವನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದಬೇಕು ಅಂತ ತುಂಬಾ ಆಸೆ ಇದೆ. ಆದರೆ ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ), ಎಂ.ಎ., ಎಂ.ಟಿಎಚ್. (ಮಾಸ್ಟರ್ ಆಫ್ ಥಿಯಾಲಜಿ) ಇವುಗಳಲ್ಲಿ ಯಾವುದು ಅಂತ ತಿಳಿಯುತ್ತಿಲ್ಲ. ಪಾಸ್ಟರ್ ಆಗುವ ಕರೆ ಇದೆಯೋ ಇಲ್ಲವೋ, ಅದೂ ಸ್ಪಷ್ಟವಿಲ್ಲ. ಗ್ರೀಕ್, ಹೀಬ್ರೂ ಕಲಿಯಲೇಬೇಕಾ? ಆನ್‌ಲೈನ್‌ನಲ್ಲಿ ಓದಿದರೆ ನಡೆಯುತ್ತಾ? ಮುಂದೆ ಕೆಲಸ ಸಿಗುತ್ತಾ? ಸಭೆಯ ಹಿರಿಯರೊಬ್ಬರು "ಅಲ್ಲಿಗೆ ಹೋದವರು ನಂಬಿಕೆ ಕಳ್ಕೊಂಡು ಬರ್ತಾರೆ" ಅಂದರು. ಇದು ನಿಜವಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಡಿಗ್ರಿಗಳ ಹೆಸರಿದೆ. ಆದರೆ ನಿಮ್ಮ ತಲೆ ಕೊರೆಯುತ್ತಿರುವ ಪ್ರಶ್ನೆ ಯಾವುದು ಅನ್ನುವುದು ಎಲ್ಲೂ ಇಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಯಾವ ಡಿಗ್ರಿ, ಯಾವ ಕಾಲೇಜು, ಯಾವ ಭಾಷೆ, ಯಾರ ಕೈಕೆಳಗೆ ಓದಬೇಕು ಅನ್ನುವುದೆಲ್ಲ ಆ ಪ್ರಶ್ನೆಯಿಂದ ತೀರ್ಮಾನವಾಗುತ್ತದೆ. "ದೇವರ ಬಗ್ಗೆ ಇನ್ನೂ ಆಳವಾಗಿ ತಿಳಿಯಬೇಕು" ಅನ್ನುವುದು ಒಳ್ಳೆಯ ಆಸೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೊಂದನ್ನೇ ಹಿಡಿದುಕೊಂಡು ಮೂರು ವರ್ಷ ಓದಲು ಆಗುವುದಿಲ್ಲ. ನಿಮ್ಮ ಬೈಬಲ್ ಅಧ್ಯಯನದಲ್ಲಿ ಯಾವುದೋ ಹುಡುಗಿ ಏನೋ ಕೇಳಿರುತ್ತಾಳೆ, ನೀವು ಗೊತ್ತಿದ್ದಷ್ಟು ಹೇಳಿ ಮುಂದಿನ ವಚನಕ್ಕೆ ಹೋಗಿರುತ್ತೀರಿ, ಮನೆಗೆ ಬಂದ ಮೇಲೂ ಅದು ನಿಮ್ಮನ್ನು ಬಿಟ್ಟಿರುವುದಿಲ್ಲ. ಅಂಥದ್ದೊಂದು ಬೇಕು.

ಒಂದು ಉದಾಹರಣೆ ಇಟ್ಟುಕೊಂಡು ಮಾತಾಡೋಣ. ಮಾರ್ಕನ ಸುವಾರ್ತೆ 13:32. ಆ ದಿನ, ಆ ಗಳಿಗೆ (ಕ್ರಿಸ್ತನು ಮತ್ತೆ ಬರುವ ಸಮಯ) ಯಾವಾಗ ಅಂತ ಯಾರಿಗೂ ತಿಳಿಯದು, ದೂತರಿಗೂ ತಿಳಿಯದು, ಮಗನಿಗೂ ತಿಳಿಯದು, ತಂದೆಗೆ ಮಾತ್ರ ಗೊತ್ತು ಅಂತ ಯೇಸುವೇ ಹೇಳುವ ಮಾತು. ಸಂಡೇ ಸ್ಕೂಲಿನಲ್ಲಿ ಇದನ್ನು ಓದಿ "ಆದ್ದರಿಂದ ಎಚ್ಚರವಾಗಿರಿ" ಅಂತ ಮುಗಿಸುತ್ತೇವೆ. ಅದು ತಪ್ಪಲ್ಲ, ಮುಂದಿನ ವಚನವೇ ಹಾಗೆ ಹೇಳುತ್ತದೆ. ಸ್ನಾತಕೋತ್ತರ ತರಗತಿಯಲ್ಲಿ ಮಾತ್ರ ಅಷ್ಟಕ್ಕೆ ಬಿಡುವುದಿಲ್ಲ. ಯೇಸು ದೇವರು ಅಂತ ನಂಬುವ ಸಭೆ, "ನನಗೆ ಗೊತ್ತಿಲ್ಲ" ಅಂದ ಯೇಸುವನ್ನು ಏನು ಮಾಡಿಕೊಳ್ಳಬೇಕು?

ಮೊದಲು ಹೊಸ ಒಡಂಬಡಿಕೆಯ ಅಧ್ಯಾಪಕರ ಸರದಿ. ಅವರು ಮತ್ತಾಯ, ಮಾರ್ಕ, ಲೂಕ ಮೂರನ್ನೂ ಪಕ್ಕಪಕ್ಕದ ಕಾಲಂಗಳಲ್ಲಿ ಅಚ್ಚು ಹಾಕಿದ ಪುಸ್ತಕ ತೆರೆಯುತ್ತಾರೆ. ಲೂಕನಲ್ಲಿ ಈ ವಚನವೇ ಇಲ್ಲ. ಮತ್ತಾಯ 24:36ರಲ್ಲಿ ಇದೆ, ಆದರೆ "ಮಗನಿಗೂ ತಿಳಿಯದು" ಅನ್ನುವ ಭಾಗ ಕೆಲವು ಗ್ರೀಕ್ ಹಸ್ತಪ್ರತಿಗಳಲ್ಲಿ ಉಂಟು, ಬಹಳಷ್ಟರಲ್ಲಿ ಇಲ್ಲ. ಬೈಬಲ್ ಅನುವಾದಗಳಲ್ಲೂ ಅದು ಕೆಲವದರಲ್ಲಿ ಕಾಣುವುದು, ಕೆಲವದರಲ್ಲಿ ಕಾಣದಿರುವುದು ಇದೇ ಕಾರಣಕ್ಕೆ. ನಾಲ್ಕನೇ ಶತಮಾನದ ಕೋಡೆಕ್ಸ್ ಸಿನೈಟಿಕಸ್ ಅನ್ನುವ ಹಸ್ತಪ್ರತಿಯನ್ನು ಈಗ ಇಂಟರ್ನೆಟ್‌ನಲ್ಲೇ ಪುಟ ಪುಟ ನೋಡಬಹುದು. ಅದರಲ್ಲಿ ಈ ಭಾಗವನ್ನು ಮೊದಲು ಬರೆದಿದ್ದಾರೆ, ಆಮೇಲೆ ತಿದ್ದಿದವರೊಬ್ಬರು ತೆಗೆದಿದ್ದಾರೆ, ಅವರ ನಂತರ ಬಂದವರು ಮತ್ತೆ ಸೇರಿಸಿದ್ದಾರೆ. ಒಂದೇ ಸಾಲಿನ ಮೇಲೆ ಇಷ್ಟು ಜನರ ಕೈ ಆಡಿದೆ ಅಂದರೆ ಆ ಮಾತು ಅವರಿಗೆಲ್ಲ ಎಷ್ಟು ಮುಖ್ಯವಾಗಿತ್ತು ನೋಡಿ. ಮತ್ತಾಯ ಬರೆದದ್ದನ್ನು ನಕಲು ಮಾಡುವವರು ಮುಜುಗರಪಟ್ಟು ಕೈಬಿಟ್ಟರಾ? ಇಲ್ಲಾ ಮತ್ತಾಯನಲ್ಲಿ ಇಲ್ಲದ್ದನ್ನು ಮಾರ್ಕನನ್ನು ನೋಡಿ ಸೇರಿಸಿದರಾ? ಎರಡು ಕಡೆಗೂ ವಾದವಿದೆ. ನೀವು ಒಂದು ಪಕ್ಷ ಹಿಡಿದು, ಎದುರು ಪಕ್ಷದ ವಾದವನ್ನು ಪ್ರಾಮಾಣಿಕವಾಗಿ ಮುಂದಿಟ್ಟು, ಕಾರಣ ಕೊಟ್ಟು ಬರೆಯಬೇಕು.

ಇಷ್ಟಾದ ಮೇಲೆ ಸಭಾ ಇತಿಹಾಸದ ತರಗತಿ. ಮಗನು ತಂದೆಗೆ ಸಮನಲ್ಲ, ಆತನೂ ಸೃಷ್ಟಿಯೇ ಅಂತ ವಾದಿಸಿದ ಅರಿಯಸ್‌ನ ಪಕ್ಷದವರು ಈ ವಚನವನ್ನು ಸಾಕ್ಷಿಯಾಗಿ ಎತ್ತಿಕೊಂಡರು. 325ರಲ್ಲಿ ಬಿಷಪ್‌ಗಳು ಸೇರಿದ ನಿಕೇಯ ಮಹಾಸಭೆ ಮಗನು ತಂದೆಯ ಸತ್ವವೇ ಉಳ್ಳವನು ಅಂತ ತೀರ್ಮಾನಿಸಿತು, ಆದರೆ ಜಗಳ ಅಲ್ಲಿಗೆ ನಿಲ್ಲಲಿಲ್ಲ, ಇನ್ನೂ ಹಲವು ದಶಕ ನಡೆಯಿತು. ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಅರಿಯಸ್ ಪಕ್ಷದ ವಿರುದ್ಧ ಬರೆದ ಮೂರನೆಯ ಪ್ರಬಂಧದಲ್ಲಿ ಇದೇ ವಚನಕ್ಕೆ ಉತ್ತರ ಕೊಡುತ್ತಾರೆ: ದೇವರ ವಾಕ್ಯವಾಗಿ, ಅಂದರೆ ದೇವರಾಗಿ, ಆತನಿಗೆ ಗೊತ್ತಿತ್ತು, ನಮ್ಮ ಮನುಷ್ಯತ್ವವನ್ನು ಹೊತ್ತುಕೊಂಡವನಾಗಿ ಗೊತ್ತಿಲ್ಲ ಅಂದನು. 451ರ ಕಾಲ್ಸೆಡನ್ ಮಹಾಸಭೆ "ಒಬ್ಬನೇ ವ್ಯಕ್ತಿ, ಎರಡು ಸ್ವಭಾವ" ಅಂದ ಮೇಲೂ, ಹಾಗಾದರೆ ಆತನ ಮನುಷ್ಯ ಮನಸ್ಸಿಗೆ ನಿಜಕ್ಕೂ ಗೊತ್ತಿರಲಿಲ್ಲವಾ ಅಂತ ಆರನೇ ಶತಮಾನದಲ್ಲಿ ಮತ್ತೆ ದೊಡ್ಡ ವಾದ ಎದ್ದಿತು. ಹತ್ತೊಂಬತ್ತನೇ ಶತಮಾನಕ್ಕೆ ಬಂದರೆ ಜರ್ಮನಿಯಲ್ಲಿ ಗಾಟ್‌ಫ್ರೀಡ್ ತೊಮಾಸಿಯಸ್, ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಗೋರ್ ಇದನ್ನು ಬೇರೆ ರೀತಿ ನೋಡಿದರು. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಕ್ರಿಸ್ತನು ತನ್ನನ್ನು ಬರಿದು ಮಾಡಿಕೊಂಡನು ಅಂತ ಬರುತ್ತದಲ್ಲ, ಆ ಬರಿದು ಮಾಡಿಕೊಳ್ಳುವುದರಲ್ಲಿ ತಿಳಿವಳಿಕೆಯ ಮಿತಿಯೂ ಸೇರಿತ್ತು ಅನ್ನುವುದು ಅವರ ದಾರಿ. 1889ರಲ್ಲಿ ಗೋರ್ ಸಂಪಾದಿಸಿದ ಪ್ರಬಂಧ ಸಂಗ್ರಹ ಇಂಗ್ಲೆಂಡಿನ ಸಭೆಯಲ್ಲಿ ದೊಡ್ಡ ಗದ್ದಲವನ್ನೇ ಎಬ್ಬಿಸಿತು. ಇದು ಕ್ರಮಬದ್ಧ ದೇವಶಾಸ್ತ್ರದ ಕ್ಷೇತ್ರ. ಯಾರು ಏನು ಹೇಳಿದರು ಅನ್ನುವುದನ್ನು ದಾಟಿ, ನಾವು ಇವತ್ತು ಏನು ಹೇಳಬೇಕು, ಅದು ನಮ್ಮ ಉಳಿದ ನಂಬಿಕೆಗಳ ಜೊತೆ ಹೊಂದುತ್ತದಾ ಅಂತ ಅಲ್ಲಿ ಕೇಳುತ್ತಾರೆ.

ಇನ್ನು ಪಾಲನಾ ಸೇವೆಯ (ಪಾಸ್ಟರ್ ಆಗಿ ಜನರನ್ನು ನೋಡಿಕೊಳ್ಳುವ ಕೆಲಸದ) ಅಧ್ಯಾಪಕರು ಇದೇ ವಚನವನ್ನು ಮನುಷ್ಯರ ನಡುವೆ ತಂದಿಡುತ್ತಾರೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅವರ ಬೋಧನೆ ನಂಬಿದ ಸಾವಿರಾರು ಜನ 1844ರ ಅಕ್ಟೋಬರ್ 22ರಂದು ಕ್ರಿಸ್ತನು ಬರುತ್ತಾನೆ ಅಂತ ಕಾದರು. ಆ ದಿನ ಕಳೆದುಹೋಯಿತು. ಮಾರನೇ ದಿನ ಆ ಜನರ ಮುಂದೆ ನಿಂತು ನೀವು ಏನು ಹೇಳುತ್ತಿದ್ದಿರಿ? "ವಚನ ಓದಿರಲಿಲ್ಲವಾ" ಅಂತ ಬೈಯುವುದು ಸುಲಭ. ಆದರೆ ದೇವಶಾಸ್ತ್ರ ಓದಿದವರಿಂದ ಜನ ಬಯಸುವುದು ಅದನ್ನಲ್ಲ.

ಇಷ್ಟು ಉದ್ದಕ್ಕೆ ಇದನ್ನು ಯಾಕೆ ಹೇಳಿದೆ ಅಂದರೆ, ಈ ಓದು ದಿನನಿತ್ಯ ಹೇಗಿರುತ್ತದೆ ಅಂತ ನಿಮಗೆ ಕಾಣಬೇಕು. ಒಂದು ವಚನ, ಅದರ ಹಿಂದೆ ಹಸ್ತಪ್ರತಿ, ಮಹಾಸಭೆ, ವಾದ, ನೋವು. ಮೇಲಿನ ನಾಲ್ಕು ಪ್ಯಾರಾ ಓದುವಾಗ ಎಲ್ಲಿ ನಿಮ್ಮ ಕಣ್ಣು ಅರಳಿತು, ಎಲ್ಲಿ ಬೇಜಾರಾಗಿ ಬೇಗ ಬೇಗ ಓದಿದಿರಿ, ಅದನ್ನು ಸುಮ್ನೆ ಗಮನಿಸಿಕೊಳ್ಳಿ. ಹಸ್ತಪ್ರತಿಯ ಕಥೆ ಹಿಡಿಸಿದ್ದರೆ ನೀವು ಬೈಬಲ್ ವಿಭಾಗದವರು. ಅಥನಾಸಿಯಸ್ ಏನಂದರು ಅನ್ನುವಲ್ಲಿ ನಿಂತುಬಿಟ್ಟಿದ್ದರೆ ಸಭಾ ಇತಿಹಾಸ ನಿಮ್ಮನ್ನು ಕರೆಯುತ್ತಿದೆ. ಮಾರನೇ ದಿನದ ಆ ಜನರ ಮುಖ ಕಣ್ಣಿಗೆ ಕಟ್ಟಿದ್ದರೆ, ಪಾಸ್ಟರ್ ಆಗುವ ಕರೆಯ ಬಗ್ಗೆ ಇನ್ನೂ ಗಂಭೀರವಾಗಿ ಪ್ರಾರ್ಥಿಸಿ ಅಂತ ಹೇಳುತ್ತೇನೆ.

ಈಗ ಡಿಗ್ರಿಗಳ ವಿಷಯ. ಎಂ.ಡಿವ್. ಅಂದರೆ ಸೇವೆಗೆ ತಯಾರಾಗುವವರ ಓದು. ಪೂರ್ತಿ ಸಮಯ ಓದಿದರೆ ಸಾಮಾನ್ಯವಾಗಿ ಮೂರು ವರ್ಷ. ಬೈಬಲ್, ಇತಿಹಾಸ, ಸಿದ್ಧಾಂತ, ಪ್ರಸಂಗ ಮಾಡುವುದು, ಆಪ್ತ ಸಮಾಲೋಚನೆ, ಸಭೆಯಲ್ಲಿ ಪ್ರಾಯೋಗಿಕ ಸೇವೆ ಎಲ್ಲವೂ ಇರುತ್ತದೆ. ಭಾರತದ ಹಲವು ದೇವಶಾಸ್ತ್ರ ಕಾಲೇಜುಗಳಿಗೆ ಡಿಗ್ರಿ ಕೊಡುವ ಸೆರಾಂಪುರ ಸೆನೆಟಿನ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಕೂಡ ಇದೇ ಜಾತಿಯ ಡಿಗ್ರಿ. ಹೆಸರಿನಲ್ಲಿ ಬ್ಯಾಚುಲರ್ ಅಂತಿದೆ ಅಂತ ಅದನ್ನು ಕೀಳಾಗಿ ನೋಡಬೇಡಿ. ಉತ್ತರ ಅಮೆರಿಕದಲ್ಲೂ ಎಂ.ಡಿವ್. ಅನ್ನುವ ಹೆಸರು ಬರುವ ಮೊದಲು ಅದನ್ನು ಬಿ.ಡಿ. ಅಂತಲೇ ಕರೆಯುತ್ತಿದ್ದರು. ಎಂ.ಎ. ಅಥವಾ ಎಂ.ಟಿ.ಎಸ್. (ಮಾಸ್ಟರ್ ಆಫ್ ಥಿಯಾಲಜಿಕಲ್ ಸ್ಟಡೀಸ್) ಸಾಮಾನ್ಯವಾಗಿ ಎರಡು ವರ್ಷ. ಇದು ಓದಿಗೆ ಒತ್ತು ಕೊಡುವ ಡಿಗ್ರಿ, ಸೇವೆಯ ತರಬೇತಿ ಕಮ್ಮಿ. ಎಂ.ಟಿಎಚ್. ಮಾತ್ರ ಗೊಂದಲದ ಹೆಸರು: ಉತ್ತರ ಅಮೆರಿಕದಲ್ಲಿ ಮತ್ತು ಸೆರಾಂಪುರದ ವ್ಯವಸ್ಥೆಯಲ್ಲಿ ಅದು ಎಂ.ಡಿವ್. ಅಥವಾ ಬಿ.ಡಿ. ಮುಗಿಸಿದ ಮೇಲಿನ ವಿಶೇಷ ಓದು, ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಸಂಬಂಧಪಟ್ಟ ಮೊದಲ ಡಿಗ್ರಿ ಇದ್ದವರು ಒಂದು ವರ್ಷದಲ್ಲಿ ಮುಗಿಸುವ ಕೋರ್ಸು. ಹೆಸರು ನೋಡಿ ಅರ್ಜಿ ಹಾಕಬೇಡಿ, ಪಠ್ಯಕ್ರಮ ಓದಿ ಅರ್ಜಿ ಹಾಕಿ. ಕಥೋಲಿಕ ವ್ಯವಸ್ಥೆ ಬೇರೆಯೇ ಇದೆ: ಮೊದಲ ಹಂತ ಎಸ್.ಟಿ.ಬಿ. (ದೇವಶಾಸ್ತ್ರದ ಬ್ಯಾಚುಲರ್), ಆಮೇಲೆ ಎರಡು ವರ್ಷದ ಎಸ್.ಟಿ.ಎಲ್. (ಲೈಸೆನ್ಶಿಯೇಟ್), ಕೊನೆಗೆ ಡಾಕ್ಟರೇಟ್. ಡಿ.ಮಿನ್. (ಡಾಕ್ಟರ್ ಆಫ್ ಮಿನಿಸ್ಟ್ರಿ) ಅನ್ನುವುದು ಈಗಾಗಲೇ ಸೇವೆಯಲ್ಲಿ ಇರುವವರಿಗೆ, ಸದ್ಯಕ್ಕೆ ನಿಮಗಲ್ಲ.

ನಿಮ್ಮ ಜಾಗದಲ್ಲಿ ಕರೆ ಸ್ಪಷ್ಟವಿಲ್ಲದವರಿಗೆ ನನ್ನ ಸಲಹೆ ಏನೆಂದರೆ, ಎರಡು ವರ್ಷದ ಎಂ.ಎ.ಯಿಂದ ಶುರು ಮಾಡಿ, ಆದರೆ ಮೊದಲ ವರ್ಷದ ಕ್ರೆಡಿಟ್‌ಗಳನ್ನು ಎಂ.ಡಿವ್.ಗೆ ವರ್ಗಾಯಿಸಲು ಬಿಡುವ ಕಾಲೇಜನ್ನೇ ಆರಿಸಿ. ಎರಡೂ ಡಿಗ್ರಿ ಕೊಡುವ ಹಲವು ಸೆಮಿನರಿಗಳಲ್ಲಿ (ದೇವಶಾಸ್ತ್ರ ಕಾಲೇಜುಗಳಲ್ಲಿ) ಇದಕ್ಕೆ ಅವಕಾಶವಿದೆ. ಅರ್ಜಿ ಹಾಕುವ ಮುಂಚೆಯೇ ಪತ್ರ ಬರೆದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಿಮ್ಮ ಸಭೆ ಪಾಸ್ಟರ್ ದೀಕ್ಷೆಗೆ ಯಾವ ಡಿಗ್ರಿ ಕೇಳುತ್ತದೆ, ಯಾವ ಕಾಲೇಜುಗಳನ್ನು ಒಪ್ಪುತ್ತದೆ ಅನ್ನುವುದನ್ನೂ ಈಗಲೇ ವಿಚಾರಿಸಿ. ಪಾಸ್ಟರ್ ಆಗುವ ಯೋಚನೆ ಅರ್ಧ ಇದ್ದರೂ ಸಾಕು, ವಿಚಾರಿಸಿ. ಓದೆಲ್ಲ ಮುಗಿಸಿಕೊಂಡು ಬಂದ ಮೇಲೆ "ಈ ಡಿಗ್ರಿ ನಮಗೆ ನಡೆಯಲ್ಲ" ಅನ್ನಿಸಿಕೊಂಡು ಒದ್ದಾಡುವ ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ಕಾಲೇಜಿನ ಮಾನ್ಯತೆಯ ವಿಷಯವೂ ಹೀಗೆಯೇ. ಉತ್ತರ ಅಮೆರಿಕದಲ್ಲಾದರೆ ಅಸೋಸಿಯೇಷನ್ ಆಫ್ ಥಿಯಾಲಜಿಕಲ್ ಸ್ಕೂಲ್ಸ್, ಏಷ್ಯಾದಲ್ಲಿ ಸೆರಾಂಪುರ ಸೆನೆಟ್ ಅಥವಾ ಏಷ್ಯಾ ಥಿಯಾಲಜಿಕಲ್ ಅಸೋಸಿಯೇಷನ್, ಹೀಗೆ ಯಾರೋ ಒಬ್ಬರ ಮಾನ್ಯತೆ ಇರಬೇಕು. ಪಿಎಚ್.ಡಿ. ಯೋಚನೆ ಇದ್ದರೆ ನಿಮ್ಮ ಡಿಗ್ರಿಯನ್ನು ಜಾತ್ಯತೀತ ವಿಶ್ವವಿದ್ಯಾಲಯಗಳೂ ಒಪ್ಪುತ್ತವಾ ಅಂತ ನೋಡಿಕೊಳ್ಳಿ.

ಭಾಷೆ ಕಲಿಯಲೇಬೇಕಾ ಅಂತ ಕೇಳಿದ್ದೀರಿ. ಕಲಿಯಿರಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಕೆಲವು ಎಂ.ಎ.ಗಳಲ್ಲಿ ಭಾಷೆ ಕಡ್ಡಾಯವಲ್ಲ ನಿಜ, ಹಾಗೇ ಪಾಸಾಗಬಹುದು. ಆದರೆ ಆಗ ಬೇರೆಯವರು ಹೇಳಿದ್ದರಲ್ಲಿ ಯಾವುದು ಸರಿ ಅಂತ ತೂಗಲು ನಿಮ್ಮ ಕೈಯಲ್ಲಿ ತಕ್ಕಡಿಯೇ ಇರುವುದಿಲ್ಲ, ದೊಡ್ಡ ಹೆಸರಿನವರು ಹೇಳಿದ್ದೇ ಸರಿ ಅಂತಾಗುತ್ತದೆ. ಭಯಪಡಬೇಡಿ, ಹೊಸ ಒಡಂಬಡಿಕೆಯ ಗ್ರೀಕ್ ಅಷ್ಟು ಕಷ್ಟವಲ್ಲ. ಅದರಲ್ಲಿ ಸುಮಾರು 5,400 ಬೇರೆ ಬೇರೆ ಪದಗಳಿವೆ, ಆದರೆ 50 ಸಲಕ್ಕಿಂತ ಜಾಸ್ತಿ ಬರುವ ಸುಮಾರು 300 ಪದ ಕಲಿತರೆ ಇಡೀ ಪಠ್ಯದ ಹೆಚ್ಚುಕಡಿಮೆ ಶೇ 80ರಷ್ಟು ಪದಗಳು ಪರಿಚಯವಾಗಿಬಿಡುತ್ತವೆ. ಕೆಲಸ ಮಾಡುತ್ತಲೇ ದಿನಕ್ಕೆ ಅರ್ಧ ಗಂಟೆ ಕೊಟ್ಟರೂ ಒಂದು ವರ್ಷದಲ್ಲಿ ಯೋಹಾನನ ಮೊದಲ ಪತ್ರವನ್ನು ಗ್ರೀಕಿನಲ್ಲೇ ನಿಧಾನವಾಗಿ ಓದಬಹುದು. ಸೆಮಿನರಿ ಸೇರುವ ಮುಂಚೆ ಮಾಡಬಹುದಾದ ಅತಿ ಒಳ್ಳೆಯ ಕೆಲಸ ಇದೇ. ಹೀಬ್ರೂಗೆ ಶುರುವಿನಲ್ಲಿ ಸಮಯ ಜಾಸ್ತಿ ಬೇಕು, ಲಿಪಿ ಬಲದಿಂದ ಎಡಕ್ಕೆ, ಕ್ರಿಯಾಪದಗಳ ರೂಪ ಹೊಸದು. ಅದನ್ನು ಮಾತ್ರ ಗುರುಗಳ ಮುಂದೆ ಕೂತು ಕಲಿಯಿರಿ. ಸಂಶೋಧನೆಗೆ ಹೋಗುವವರಿಗೆ ಇಷ್ಟೂ ಸಾಲದು: ಸಭಾಪಿತೃಗಳು (ಮೊದಲ ಶತಮಾನಗಳ ಸಭೆಯ ಬೋಧಕರು) ವಿಷಯವಾದರೆ ಲ್ಯಾಟಿನ್, ಆಧುನಿಕ ದೇವಶಾಸ್ತ್ರವಾದರೆ ಜರ್ಮನ್ ಬೇಕು. ಜರ್ಮನಿಯಲ್ಲಿ ಪ್ರೊಟೆಸ್ಟೆಂಟ್ ಪಾಸ್ಟರ್ ಆಗಲು ಓದುವವರು ಹೀಬ್ರೂ, ಗ್ರೀಕ್, ಲ್ಯಾಟಿನ್ ಮೂರರಲ್ಲೂ ಪರೀಕ್ಷೆ ಪಾಸು ಮಾಡುವ ಪದ್ಧತಿಯೇ ಇದೆ.

ಹಿರಿಯರು ಹೇಳಿದ ಮಾತು. ಅವರನ್ನು ತಳ್ಳಿಹಾಕಬೇಡಿ, ಅವರು ಯಾರನ್ನೋ ನೋಡಿಯೇ ಹಾಗೆ ಹೇಳಿರುತ್ತಾರೆ. ಮೊದಲ ವರ್ಷ ಹೆಚ್ಚಿನ ವಿದ್ಯಾರ್ಥಿಗಳು ಅಲುಗಾಡುತ್ತಾರೆ, ಇದು ನಿಜ. ಚಿಕ್ಕಂದಿನಿಂದ ಒಂದೇ ಕಥೆಯಾಗಿ ಕೇಳಿದ್ದನ್ನು ನಾಲ್ಕು ಸುವಾರ್ತೆಗಳು ನಾಲ್ಕು ರೀತಿ ಹೇಳುತ್ತವೆ ಅಂತ ಕಂಡಾಗ, ಮಾರ್ಕನ ಕೊನೆಯ ಹನ್ನೆರಡು ವಚನಗಳು ಅತಿ ಹಳೆಯ ಎರಡು ದೊಡ್ಡ ಹಸ್ತಪ್ರತಿಗಳಲ್ಲಿ ಇಲ್ಲ ಅಂತ ಗೊತ್ತಾದಾಗ, ಕಾಲ ಕೆಳಗಿನ ನೆಲ ಸರಿದಂತೆ ಆಗುತ್ತದೆ. ಆದರೆ ನಾನು ಗಮನಿಸಿದ್ದು ಏನೆಂದರೆ, ಪ್ರಶ್ನೆಗಳು ನಂಬಿಕೆ ಕೆಡಿಸುವುದಕ್ಕಿಂತ ಒಂಟಿತನ ಕೆಡಿಸುವುದೇ ಜಾಸ್ತಿ. ಓದಿನ ಒತ್ತಡದಲ್ಲಿ ಭಾನುವಾರದ ಆರಾಧನೆ ಬಿಟ್ಟವರು, ಸಂಶಯವನ್ನು ಯಾರ ಹತ್ತಿರವೂ ಹೇಳದವರು, ಪ್ರಾರ್ಥನೆಯನ್ನು ಪರೀಕ್ಷೆ ಮುಗಿದ ಮೇಲೆ ಮಾಡೋಣ ಅಂದವರು, ಇವರು ಕಷ್ಟಕ್ಕೆ ಸಿಕ್ಕುತ್ತಾರೆ. ಹನ್ನೊಂದನೇ ಶತಮಾನದ ಆನ್‌ಸೆಲ್ಮ್ ತಮ್ಮ ಒಂದು ಗ್ರಂಥಕ್ಕೆ ಮೊದಲು ಇಟ್ಟ ಹೆಸರು "ಅರಿವನ್ನು ಹುಡುಕುವ ನಂಬಿಕೆ". ಆ ಗ್ರಂಥದಲ್ಲಿ ತರ್ಕ ಕಟ್ಟುನಿಟ್ಟಾಗಿದೆ, ಆದರೆ ಅದನ್ನು ಶುರು ಮಾಡಿರುವುದು, ನಡೆಸಿರುವುದು ದೇವರಿಗೆ ಮಾಡುವ ಪ್ರಾರ್ಥನೆಯಾಗಿ. ಎರಡೂ ಒಟ್ಟಿಗೆ ಸಾಧ್ಯ ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ನಿಮ್ಮ ಹಿರಿಯರ ಹತ್ತಿರ ಹೋಗಿ, "ನೀವು ಹೇಳಿದ್ದು ನೆನಪಿಟ್ಟುಕೊಳ್ಳುತ್ತೇನೆ, ತಿಂಗಳಿಗೊಮ್ಮೆ ನನ್ನ ಜೊತೆ ಮಾತಾಡ್ತೀರಾ?" ಅಂತ ಕೇಳಿ. ಓದಿದ್ದನ್ನೆಲ್ಲ ಅವರಿಗೆ ಹೇಳಿ, ಸಂಶಯವನ್ನೂ ಹೇಳಿ.

ಆನ್‌ಲೈನ್ ಓದು ಮೊದಲಿನ ಹಾಗೆ ಕೀಳು ಅಲ್ಲ, ಮಾನ್ಯತೆ ಇರುವ ಒಳ್ಳೆಯ ಕೋರ್ಸುಗಳಿವೆ. ಇತಿಹಾಸ, ಬೈಬಲ್ ಪರಿಚಯ ಇಂಥವನ್ನು ಧಾರಾಳವಾಗಿ ಹಾಗೆ ಓದಬಹುದು. ಆದರೆ ಇಡೀ ಡಿಗ್ರಿಯನ್ನು ಒಬ್ಬರೇ ಸ್ಕ್ರೀನ್ ಮುಂದೆ ಕೂತು ಮುಗಿಸಬೇಡಿ. ಬೇರೆ ಸಭೆಯವರ ಜೊತೆ ಒಂದೇ ಮೇಜಿನಲ್ಲಿ ಕೂತು ವಾದ ಮಾಡಿ, ಮಧ್ಯಾಹ್ನ ಅವರ ಜೊತೆಯೇ ಊಟ ಮಾಡಿ, ಸಂಜೆ ಒಟ್ಟಿಗೆ ಪ್ರಾರ್ಥಿಸುವುದರಲ್ಲಿ ಕಲಿಯುವುದು ಪುಸ್ತಕದಲ್ಲಿ ಇರುವುದಿಲ್ಲ. ಒಂದು ವರ್ಷವಾದರೂ ಕ್ಯಾಂಪಸ್ಸಿನಲ್ಲಿ ಇರಿ.

ಕೆಲಸದ ವಿಷಯದಲ್ಲಿ ಸಿಹಿ ಮಾತು ಹೇಳುವುದಿಲ್ಲ. ಸೆಮಿನರಿಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುವ ಹುದ್ದೆಗಳು ಕಮ್ಮಿ, ಪಿಎಚ್.ಡಿ. ಮಾಡಿದವರು ಜಾಸ್ತಿ. ಸಭೆಯ ಸೇವೆಯಲ್ಲಿ ಸಂಬಳ ನಿಮ್ಮ ಈಗಿನ ಕೆಲಸದ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಈ ಓದಿಗೆ ದೊಡ್ಡ ಸಾಲ ಮಾಡಬೇಡಿ. ಸ್ಕಾಲರ್‌ಶಿಪ್, ಸಭೆಯ ನೆರವು, ನಿಮ್ಮ ಉಳಿತಾಯ ಇವುಗಳಲ್ಲಿ ಮುಗಿಯುವಂತಿದ್ದರೆ ಹೊರಡಿ, ಇಲ್ಲದಿದ್ದರೆ ಇನ್ನೊಂದು ವರ್ಷ ದುಡಿದು ಗ್ರೀಕ್ ಕಲಿಯುತ್ತಾ ಕಾಯಿರಿ. ಇನ್ನು, ಪಾಠ ಮತ್ತು ಪಾಸ್ಟರ್ ಕೆಲಸ ಬಿಟ್ಟು ಬೇರೆ ದಾರಿಗಳೂ ಇವೆ. ಆಸ್ಪತ್ರೆಯ ಚಾಪ್ಲಿನ್ (ರೋಗಿಗಳಿಗೆ ಆಧ್ಯಾತ್ಮಿಕ ಆಸರೆ ಕೊಡುವವರು) ಕೆಲಸ ಅವುಗಳಲ್ಲಿ ಒಂದು. 1925ರಲ್ಲಿ ಆಂಟನ್ ಬಾಯ್ಸನ್ ಅಮೆರಿಕದ ವುಸ್ಟರ್‌ನ ಮಾನಸಿಕ ಆಸ್ಪತ್ರೆಯಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ರೋಗಿಗಳ ನಡುವೆಯೇ ಇಟ್ಟು ಕಲಿಸಲು ಶುರು ಮಾಡಿದರು, ಅದೇ ಮುಂದೆ ಕ್ಲಿನಿಕಲ್ ಪ್ಯಾಸ್ಟೋರಲ್ ಎಜುಕೇಶನ್ ಆಗಿ ಬೆಳೆಯಿತು. ಬೈಬಲ್ ಅನುವಾದ ಇನ್ನೊಂದು. ಅಲ್ಲಿ ಗ್ರೀಕ್, ಹೀಬ್ರೂ ಜೊತೆ ಕಂಪ್ಯೂಟರ್ ಗೊತ್ತಿರುವವರು ನಿಜಕ್ಕೂ ಬೇಕಾಗಿದ್ದಾರೆ, ನಿಮ್ಮ ಹಳೆಯ ಓದು ದಂಡವಾಗುವುದಿಲ್ಲ. ಡಾಕ್ಟರೇಟ್ ಇಲ್ಲದಿದ್ದರೆ ಬೆಲೆ ಇಲ್ಲ ಅನ್ನುವವರ ಮಾತು ಕೇಳಬೇಡಿ. ಇಪ್ಪತ್ತನೇ ಶತಮಾನದ ಪ್ರೊಟೆಸ್ಟೆಂಟ್ ದೇವಶಾಸ್ತ್ರದ ದಿಕ್ಕು ಬದಲಿಸಿದ ಕಾರ್ಲ್ ಬಾರ್ತ್ ಹತ್ತು ವರ್ಷ ಸ್ವಿಟ್ಜರ್ಲೆಂಡಿನ ಸಣ್ಣ ಊರಿನಲ್ಲಿ ಪಾಸ್ಟರ್ ಆಗಿದ್ದವರು, ಅಲ್ಲಿಂದ 1921ರಲ್ಲಿ ನೇರವಾಗಿ ಪ್ರೊಫೆಸರ್ ಆಗಿ ಹೋದವರು. ಅವರು ಓದಿ ಪಡೆದ ಡಾಕ್ಟರೇಟ್ ಒಂದೂ ಇರಲಿಲ್ಲ, ಬಂದದ್ದೆಲ್ಲ ಗೌರವ ಡಾಕ್ಟರೇಟ್.

ಅರ್ಜಿಯ ಜೊತೆ ಕೇಳುವ ಪತ್ರದಲ್ಲಿ ನಿಮ್ಮ ಸಾಕ್ಷಿಯನ್ನೇ (ನೀವು ನಂಬಿಕೆಗೆ ಬಂದ ಕಥೆಯನ್ನೇ) ಎರಡು ಪುಟ ಬರೆಯಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಒಂದು ಪ್ಯಾರಾದಲ್ಲಿ ನೀವು ಯಾರು, ಎಲ್ಲಿ ಸೇವೆ ಮಾಡುತ್ತಿದ್ದೀರಿ ಅಂತ ಹೇಳಿ. ಉಳಿದ ಜಾಗವನ್ನೆಲ್ಲ ನಿಮ್ಮ ಪ್ರಶ್ನೆಗೆ ಕೊಡಿ: ಅದು ಎಲ್ಲಿಂದ ಬಂತು, ಅದಕ್ಕೆ ಇಲ್ಲಿಯವರೆಗೆ ಏನು ಓದಿದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಆ ಕಾಲೇಜಿನ ಯಾವ ಅಧ್ಯಾಪಕರ ಹತ್ತಿರ ಅದನ್ನು ಓದಬೇಕು ಅಂತಿದ್ದೀರಿ. ಆ ಅಧ್ಯಾಪಕರ ಒಂದಾದರೂ ಪುಸ್ತಕವನ್ನು ಪೂರ್ತಿ ಓದಿರಬೇಕು. ಶಿಫಾರಸು ಪತ್ರಕ್ಕೆ ನಿಮ್ಮನ್ನು ಹತ್ತಿರದಿಂದ ಬಲ್ಲ ಸಭಾಪಾಲಕರು ಒಬ್ಬರು, ಓದಿನಲ್ಲಿ ಬಲ್ಲವರು ಒಬ್ಬರು ಇರಲಿ. ಸದ್ಯಕ್ಕೆ ಒಂದು ತಿಂಗಳು ಯಾವ ಕಾಲೇಜಿನ ಪುಟವನ್ನೂ ತೆರೆಯದೆ, ನಿಮ್ಮನ್ನು ಕಾಡುವ ಒಂದೇ ಒಂದು ವಚನ ಹಿಡಿದು, ಅದರ ಮೇಲೆ ಎರಡು ಬೇರೆ ಬೇರೆ ವ್ಯಾಖ್ಯಾನ ಗ್ರಂಥಗಳನ್ನು ಓದಿ, ಅವು ಎಲ್ಲಿ ಒಪ್ಪುವುದಿಲ್ಲ ಅಂತ ನಿಮ್ಮದೇ ಮಾತಿನಲ್ಲಿ ಬರೆದು ನೋಡಿ. ಆಮೇಲೆ ಆ ಬರಹವನ್ನೇ ನನಗೆ ಕಳಿಸಿ. ಯಾವ ವಿಭಾಗ, ಯಾರ ಹತ್ತಿರ ಅನ್ನುವ ಮಾತನ್ನು ಅದನ್ನು ಓದಿ ಮುಂದುವರಿಸೋಣ.